ಒದ್ದೆ ಕಲ್ಲಿನ ಬಣ್ಣ ಒಣಗಿದ ಮೇಲೂ ಬೇಕೇ? ಆರು ವರ್ಷ ಕಲರ್ ಎನ್‌ಹ್ಯಾನ್ಸರ್ ಬಳಸಿದ ಅನುಭವ

ನೆಲ ಒರೆಸಿದ ತಕ್ಷಣ ಸ್ಲೇಟ್ ಕಲ್ಲು ಎಷ್ಟು ಚೆಂದ ಕಾಣುತ್ತದೆ ಅಲ್ವಾ? ಕಡು ಹಸಿರು, ತುಕ್ಕಿನ ಕೆಂಪು, ಅಲ್ಲಲ್ಲಿ ನೀಲಿ. ಹತ್ತು ನಿಮಿಷ ಕಳೆದು ನೀರು ಆರಿದರೆ ಮತ್ತೆ ಅದೇ ಮಂಕು ಬೂದಿ. ಆ ಒದ್ದೆ ಬಣ್ಣ ಹಾಗೇ ಉಳಿಯಬೇಕು ಅನ್ನುವ ಆಸೆಯಿಂದಲೇ ನಾನು ಸೀಲರ್, ಅಂದರೆ ನೀರು, ಕಲೆ ಸುಲಭವಾಗಿ ಇಂಗದಂತೆ ಕಲ್ಲಿಗೆ ಬಳಿಯುವ ದ್ರವ, ಹುಡುಕಿದ್ದು.

ಮೊದಲ ಸಲ ಆರಿಸಿಕೊಂಡಿದ್ದು ಮೇಲ್ಪದರ ಕಟ್ಟುವ ಅಕ್ರಿಲಿಕ್ ಸೀಲರ್. ಎರಡು ಕೋಟ್ ಬಳಿದೆ. ಬಣ್ಣವೂ ಬಂತು, ಹೊಳಪೂ ಬಂತು, ತುಂಬಾ ಖುಷಿಯಾಯಿತು. ಕೆಲವೇ ತಿಂಗಳಲ್ಲಿ ಕುರ್ಚಿ ಎಳೆಯುವ ಕಡೆ ಗೀರು ಬಿದ್ದವು. ಆಮೇಲೆ ಒಂದು ಮೂಲೆಯಲ್ಲಿ ಹಾಲು ಚೆಲ್ಲಿದ ಹಾಗೆ ಬಿಳಿ ಮಸುಕು ಕಾಣಿಸಿತು. ಎಷ್ಟು ಒರೆಸಿದರೂ ಹೋಗಲಿಲ್ಲ, ಯಾಕೆಂದರೆ ಅದು ಪದರದ ಕೆಳಗಿತ್ತು. ನೆಲದಡಿಯಿಂದ ಏರಿ ಬರುವ ತೇವ ಕಲ್ಲಿನ ಮೂಲಕ ಆವಿಯಾಗಿ ಹೊರಗೆ ಹೋಗಬೇಕು. ಮೇಲೆ ಪದರ ಕೂತರೆ ಅದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹಳೆ ಪದರ ಕರಗಿಸುವ ಸ್ಟ್ರಿಪ್ಪರ್ ಹಾಕಿ, ಸ್ಲೇಟಿನ ಒಂದೊಂದು ಏಣಿನ ಸಂದಿಗೂ ಸಣ್ಣ ಬ್ರಷ್ ಇಳಿಸಿ, ಆ ಪದರ ಕೀಳಲು ಪೂರ್ತಿ ಮೂರು ದಿನ ಬೇಕಾಯಿತು. ಕೆಳಗಿನ ತೇವದ ಬಗ್ಗೆ ಅನುಮಾನವಿರುವ ನೆಲಕ್ಕೆ ಈ ಬಗೆಯ ಸೀಲರ್ ಬೇಡ ಅಂತ ಧೈರ್ಯವಾಗಿ ಹೇಳುತ್ತೇನೆ.

ಎರಡನೇ ಸಲ ತಂದಿದ್ದು ಕಲ್ಲಿನೊಳಗೆ ಇಂಗುವ ಕಲರ್ ಎನ್‌ಹ್ಯಾನ್ಸರ್, ಅಂದರೆ ಬಣ್ಣ ಎದ್ದು ಕಾಣಿಸುವ ಸೀಲರ್. ನೀರಿನ ಬದಲು ಸಾಲ್ವೆಂಟ್ (ಆವಿಯಾಗುವ ದ್ರಾವಕ) ಆಧಾರಿತ. ಇದು ಕಲ್ಲಿಗೆ ಹೊಸ ಬಣ್ಣ ಹಚ್ಚುವುದಿಲ್ಲ. ಒರಟು ಮೈ ಬೆಳಕನ್ನು ಎಲ್ಲ ಕಡೆ ಚದುರಿಸುತ್ತದೆ, ಅದಕ್ಕೇ ಒಣ ಕಲ್ಲು ಮಂಕಾಗಿ ಕಾಣುತ್ತದೆ. ನೀರು ಆ ಸಣ್ಣ ಹಳ್ಳಗಳನ್ನು ತುಂಬಿದಾಗ ಚದುರುವಿಕೆ ಕಡಿಮೆಯಾಗಿ ಒಳಗಿನ ಬಣ್ಣ ಎದ್ದು ಬರುತ್ತದೆ. ಎನ್‌ಹ್ಯಾನ್ಸರ್ ಮಾಡುವುದೂ ಅದನ್ನೇ, ಆದರೆ ನೀರಿನ ಹಾಗೆ ಆರಿ ಹೋಗುವುದಿಲ್ಲ. ಹಾಗಾಗಿ ಕೊಳ್ಳುವ ಮೊದಲು ಕಲ್ಲಿನ ಮೇಲೆ ಒಂದು ಲೋಟ ನೀರು ಸುರಿದು ನೋಡಿ. ಆ ಬಣ್ಣ ಇಷ್ಟವಾದರೆ ಮಾತ್ರ ಮುಂದೆ ಹೋಗಿ. ಒಮ್ಮೆ ಒಳಗಿಳಿದದ್ದನ್ನು ಪೂರ್ತಿ ಹೊರತೆಗೆಯುವುದು ತುಂಬಾ ಕಷ್ಟ.

ಈ ಸಲ ಅವಸರ ಮಾಡಲಿಲ್ಲ. ತೇವ ಇದೆಯೇ ಅಂತ ನೋಡಲು ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕೂ ಬದಿಗೆ ಟೇಪ್ ಅಂಟಿಸಿ 24 ಗಂಟೆ ಬಿಟ್ಟೆ. ಮೊದಲ ದಿನ ಹಾಳೆಯ ಕೆಳಗೆ ಸಣ್ಣ ಹನಿಗಳಿದ್ದವು. ಕಲ್ಲು ತೊಳೆದ ನೀರು ಇನ್ನೂ ಆರಿರಲಿಲ್ಲ. ಒಂದು ವಾರ ಕಾದು ಮತ್ತೆ ಹಾಸಿದೆ, ಆಗ ಒಣಗಿತ್ತು. ಒಂದು ಸಲಕ್ಕೆ ಸುಮಾರು ಒಂದು ಚದರ ಮೀಟರ್ ಮಾತ್ರ ಬಳಿದು, ಡಬ್ಬಿಯ ಮೇಲೆ ಹೇಳಿದಷ್ಟು ನಿಮಿಷ ಬಿಟ್ಟು, ಕಲ್ಲು ಕುಡಿಯದೆ ಉಳಿಸಿದ್ದನ್ನು ಒಣ ಬಟ್ಟೆಯಿಂದ ಒರೆಸಿ ತೆಗೆದೆ. ಈ ಒರೆಸುವುದಿದೆಯಲ್ಲ, ಇಡೀ ಕೆಲಸದಲ್ಲಿ ಇದೇ ಮುಖ್ಯ. ಕಪಾಟಿನ ಕೆಳಗೆ ಕೈ ಸರಿಯಾಗಿ ಹೋಗದ ಕಡೆ ಸ್ವಲ್ಪ ಉಳಿದುಬಿಟ್ಟಿತ್ತು. ಮಾರನೇ ದಿನ ಅಲ್ಲಿ ಬೆರಳಿಟ್ಟರೆ ಅಂಟುತ್ತಿತ್ತು, ಧೂಳೂ ಕೂತಿತ್ತು. ಅದೇ ಎನ್‌ಹ್ಯಾನ್ಸರನ್ನು ತೆಳ್ಳಗೆ ಮೇಲೆ ಹಚ್ಚಿದೆ. ಹಳೆಯದು ಕರಗಿತು, ಕೂಡಲೇ ಉಜ್ಜಿ ಒರೆಸಿದೆ, ಸರಿಹೋಯಿತು. ವಾಸನೆ ಮಾತ್ರ ಜೋರು. ಕಿಟಕಿಗಳೆಲ್ಲ ತೆರೆದಿರಲಿ, ಹತ್ತಿರ ಬೆಂಕಿ ಬೇಡವೇ ಬೇಡ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಹೊರಗೆ ಬಿಡಿಸಿ ಒಣಗಿಸಿ.

ಮೊದಲ ಎರಡು ವರ್ಷ ಸ್ಲೇಟಿನ ಬಣ್ಣ ಹೆಚ್ಚುಕಡಿಮೆ ಹಾಗೇ ಇತ್ತು. ಮೂರನೇ ವರ್ಷ ಬಾಗಿಲಿನಿಂದ ಒಳಗೆ ನಡೆಯುವ ದಾರಿ ಮಾತ್ರ ಮಸುಕಾಯಿತು. ಅಲ್ಲಿ ನೀರಿನ ಹನಿ ಬಿಟ್ಟರೆ ಮುತ್ತಿನ ಹಾಗೆ ನಿಲ್ಲದೆ, ಐದಾರು ನಿಮಿಷದಲ್ಲಿ ಇಂಗಿ ಕಪ್ಪು ಚುಕ್ಕೆಯಾಗುತ್ತಿತ್ತು. ಚೆನ್ನಾಗಿ ತೊಳೆದು, ಒಣಗಿಸಿ, ಆ ದಾರಿಗಷ್ಟೇ ಇನ್ನೊಂದು ಕೈ ಹಚ್ಚಿದೆ. ಹಳೆಯದು ಹೊಸದು ಸೇರುವ ಗೆರೆ ಎಲ್ಲೂ ಕಾಣಲಿಲ್ಲ. ಪದರ ಕಟ್ಟುವ ಸೀಲರಿನಲ್ಲಿ ಈ ಅನುಕೂಲ ನನಗೆ ಸಿಕ್ಕಿರಲಿಲ್ಲ. ದಿನಾ ಒರೆಸಲು ಪಿಎಚ್ ನ್ಯೂಟ್ರಲ್ (ಆಮ್ಲವೂ ಅಲ್ಲದ, ಕ್ಷಾರವೂ ಅಲ್ಲದ) ಕ್ಲೀನರ್ ಮಾತ್ರ ಬಳಸುತ್ತೇನೆ.

ಒಂದು ವಿಷಯ ಮೊದಲೇ ಗೊತ್ತಿದ್ದರೆ ಚೆನ್ನಾಗಿತ್ತು: ಕಲ್ಲಿನ ಜೊತೆ ಗ್ರೌಟ್, ಅಂದರೆ ಕಲ್ಲುಗಳ ನಡುವಿನ ಸಂದಿಗೆ ತುಂಬಿದ ಗಾರೆ, ಕೂಡ ಕಪ್ಪಾಗುತ್ತದೆ. ನನ್ನ ತಿಳಿ ಬೂದಿ ಗ್ರೌಟ್ ಈಗ ಒದ್ದೆ ಸಿಮೆಂಟಿನ ಬಣ್ಣದಲ್ಲಿದೆ.

ಒಳಗಿನ ಕೋಣೆಯಲ್ಲಿ ಇರುವುದು ತಿಳಿ ಬಣ್ಣದ ಸುಣ್ಣಕಲ್ಲು. ಅದಕ್ಕೂ ಇದನ್ನೇ ಹಚ್ಚುವ ಯೋಚನೆಯಿತ್ತು. ಉಳಿದಿದ್ದ ಒಂದು ತುಂಡಿನ ಅರ್ಧಕ್ಕೆ ಹಚ್ಚಿ ನೋಡಿದೆ. ಕೆನೆ ಬಣ್ಣ ಹೋಗಿ ಎಣ್ಣೆ ಚೆಲ್ಲಿದ ಹಾಗೆ ಹಳದಿ ತಿರುಗಿತು, ಅದೂ ಒಂದೇ ಸಮವಾಗಿ ಅಲ್ಲ. ಆ ಕೋಣೆಗೆ ಬಣ್ಣ ಬದಲಿಸದ, ಸುಮ್ನೆ ಒಳಗಿಂಗುವ ಸಾದಾ ಸೀಲರ್ ಹಾಕಿದೆ. ನೋಡಲು ಏನೂ ವ್ಯತ್ಯಾಸವಿಲ್ಲ, ಆದರೆ ಎಣ್ಣೆ ಬಿದ್ದರೆ ಇಂಗುವ ಮೊದಲು ಒರೆಸಿಕೊಳ್ಳಲು ಸಮಯ ಸಿಗುತ್ತದೆ.

ಪಾಲಿಶ್ ಮಾಡಿದ ಅಮೃತಶಿಲೆಗೆ ಎನ್‌ಹ್ಯಾನ್ಸರಿನಿಂದ ಹೇಳಿಕೊಳ್ಳುವಂಥ ಬದಲಾವಣೆ ಆಗುವುದಿಲ್ಲ. ಪಾಲಿಶ್ ಆಗಲೇ ಬಣ್ಣವನ್ನು ಹೊರಗೆ ತಂದಿರುತ್ತದೆ. ಅದಕ್ಕೂ ಸಾದಾ ಸೀಲರ್ ಹಾಕಿದ್ದೆ, ಆದರೂ ನಿಂಬೆರಸ ಬಿದ್ದ ಜಾಗ ಹೊಳಪು ಕಳೆದುಕೊಂಡಿತು. ಅಮೃತಶಿಲೆಯಲ್ಲಿ, ಸುಣ್ಣಕಲ್ಲಿನಲ್ಲಿ ಇರುವುದು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲ ತಗುಲಿದ ಕಡೆ ಕಲ್ಲೇ ಕರಗುತ್ತದೆ. ಸೀಲರ್ ಕಲೆ ಇಂಗುವುದನ್ನು ತಡೆಯುತ್ತದೆ, ಈ ಸವೆತವನ್ನಲ್ಲ. ಆ ಜಾಗಕ್ಕೆ ಮತ್ತೆ ಪಾಲಿಶ್ ಹಾಕಿಸಿದೆ. ಕಪ್ಪು ಗ್ರಾನೈಟ್ ಮೇಲೆ ನೀರಿನ ಹನಿ ಅರ್ಧ ಗಂಟೆಯಾದರೂ ಇಂಗಲಿಲ್ಲ, ಹಾಗಾಗಿ ಅದಕ್ಕೆ ಏನೂ ಹಚ್ಚದೆ ಬಿಟ್ಟಿದ್ದೇನೆ.

ಸ್ಲೇಟಿಗೆ ಇನ್ನೊಮ್ಮೆ ಪೂರ್ತಿ ಹಚ್ಚುವ ಸಮಯ ಬಂದಿದೆ. ವಾಸನೆಯ ಕಾರಣಕ್ಕೆ ಈ ಸಲ ನೀರು ಆಧಾರಿತ ಎನ್‌ಹ್ಯಾನ್ಸರ್ ನೋಡುವ ಮನಸ್ಸಿದೆ. ಮೊನ್ನೆ ಒಂದು ಹಳೇ ಸ್ಲೇಟ್ ತುಂಡನ್ನು ತೊಳೆದು, ನಡುವೆ ಟೇಪ್ ಅಂಟಿಸಿ, ಒಣಗಲು ಕಿಟಕಿಯ ಹತ್ತಿರ ಇಟ್ಟಿದ್ದೇನೆ.