ಗ್ರೇಟ್ ಓಷನ್ ರೋಡ್: ಬಸ್ಸಿನಲ್ಲಿ ಒಂದು ದಿನವೋ, ಕಾರಿನಲ್ಲಿ ಎರಡು ರಾತ್ರಿಯೋ?

ಊರಿಂದ ಯಾರೇ ಮೆಲ್ಬರ್ನ್‌ಗೆ ಬರಲಿ, ಎರಡನೇ ವಾರದ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಆಸ್ಟ್ರೇಲಿಯಾದ ಈ ಭಾಗದ ಹೆಸರಾಂತ ಕಡಲಂಚಿನ ದಾರಿ ಗ್ರೇಟ್ ಓಷನ್ ರೋಡ್ ನೋಡೋದಕ್ಕೆ ಬಸ್ ಟೂರ್ ಬುಕ್ ಮಾಡೋದಾ, ಕಾರಿನಲ್ಲಿ ನಾವೇ ಹೋಗೋದಾ? ನಾನು ಮೂರು ಸಲ ಹೋಗಿದ್ದೇನೆ, ಮೂರು ಸಲವೂ ಬೇರೆ ಬೇರೆ ರೀತಿ. ಮೊದಲ ಸಲ ನಾನು, ನನ್ನ ಹೆಂಡತಿ ಬಸ್ಸಿನಲ್ಲಿ. ಎರಡನೇ ಸಲ ಮೂವರು ಗೆಳೆಯರ ಜತೆ ಕಾರಿನಲ್ಲಿ, ಒಂದೇ ದಿನಕ್ಕೆ ಹೋಗಿ ಬಂದೆವು. ಮೂರನೇ ಸಲ ತೀರ್ಥಹಳ್ಳಿಯಿಂದ ಅಪ್ಪ ಅಮ್ಮ ಬಂದಿದ್ದರು, ದಾರಿಯಲ್ಲಿ ಎರಡು ರಾತ್ರಿ ಉಳಿದೆವು.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಒಂದು ರಾತ್ರಿಯಾದರೂ ಆ ದಾರಿಯಲ್ಲೇ ಇರುವ ಪೋರ್ಟ್ ಕ್ಯಾಂಪ್‌ಬೆಲ್ ಅನ್ನುವ ಚಿಕ್ಕ ಊರಿನಲ್ಲಿ ಉಳಿಯಿರಿ. ಅದು ಆಗಲ್ಲ ಅಂದರೆ ಬಸ್ಸಿನಲ್ಲಿ ಹೋಗಿ. ಒಂದೇ ದಿನದಲ್ಲಿ ಕಾರು ಓಡಿಸಿಕೊಂಡು ಹೋಗಿ ಬರುವುದು ಮಾತ್ರ ಬೇಡ. ಜಾಸ್ತಿ ಜನ ಮಾಡುವುದು ಅದನ್ನೇ.

ಮೊದಲು ಬಸ್ಸಿನ ವಿಷಯ. ಆಗ ನಾವು ಇಲ್ಲಿಗೆ ಬಂದು ಎರಡು ತಿಂಗಳಾಗಿತ್ತಷ್ಟೆ, ಕಾರು ಇರಲಿಲ್ಲ. ಬಸ್ಸು ಸಿಟಿಯಿಂದ ಬೆಳಿಗ್ಗೆ ಏಳೂಕಾಲಿಗೆ ಹೊರಡುತ್ತಿತ್ತು, ನಮ್ಮ ಮನೆ ಟಾರ್ನೀಟ್‌ನಲ್ಲಿ, ಹಾಗಾಗಿ ಜುಲೈ ಚಳಿಯಲ್ಲಿ ಐದು ಗಂಟೆಗೇ ಎದ್ದು ರೈಲು ಹಿಡಿದು ಸಿಟಿಗೆ ಹೋಗಿ, ಅಲ್ಲಿ ಬಸ್ಸು ಹತ್ತಿ, ಮತ್ತೆ ನಮ್ಮ ಮನೆಯ ದಿಕ್ಕಿಗೇ ವಾಪಸ್ ಬಂದು ಜೀಲಾಂಗ್ ದಾರಿ ಹಿಡಿಯಬೇಕಾಯಿತು. ಟಾರ್ನೀಟ್, ಪಾಯಿಂಟ್ ಕುಕ್, ವೆರಿಬೀ ಕಡೆ ಇರುವ ನಮ್ಮ ಜನ ಈ ಸುತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ.

ಆದರೆ ಬಸ್ಸಿನಲ್ಲಿ ಕಥೆ ಹೇಳುವವರು ಇರುತ್ತಾರೆ. ಈಸ್ಟರ್ನ್ ವ್ಯೂ ಅನ್ನುವಲ್ಲಿ ರಸ್ತೆಗೆ ಅಡ್ಡಲಾಗಿ ಒಂದು ಮರದ ಕಮಾನು ಇದೆ. ಎಲ್ಲರೂ ಇಳಿದು ಫೋಟೊ ತೆಗೆದುಕೊಂಡು ಹತ್ತುತ್ತಾರೆ. ನಮ್ಮ ಡ್ರೈವರ್ ಅಲ್ಲಿ ನಿಲ್ಲಿಸಿ ಹೇಳಿದ್ದು ಇದು: ಮೊದಲ ಮಹಾಯುದ್ಧ ಮುಗಿಸಿ ವಾಪಸ್ ಬಂದ ಸುಮಾರು 3,000 ಸೈನಿಕರು 1919ರಿಂದ 1932ರವರೆಗೆ ಗುದ್ದಲಿ, ಪಿಕಾಸಿ ಹಿಡಿದು ಈ ದಾರಿ ಕಡಿದರು. ದಿನಕ್ಕೆ ಹತ್ತೂವರೆ ಶಿಲಿಂಗ್ ಕೂಲಿ. ಯುದ್ಧದಲ್ಲಿ ಸತ್ತ ತಮ್ಮ ಜತೆಗಾರರ ನೆನಪಿಗೆ ಕಟ್ಟಿದ ದಾರಿ ಇದು, ಟಾರ್ಕೀಯಿಂದ ಆಲನ್ಸ್‌ಫರ್ಡ್‌ವರೆಗೆ 243 ಕಿಲೋಮೀಟರ್ ಉದ್ದದ ಯುದ್ಧ ಸ್ಮಾರಕ. ಅಷ್ಟು ಕೇಳಿದ ಮೇಲೆ ಮುಂದಿನ ಪ್ರತಿ ತಿರುವಿನಲ್ಲೂ ಬಂಡೆ ಕಡಿದ ಜಾಗದ ಮೇಲೇ ನನ್ನ ಕಣ್ಣು ಹೋಗುತ್ತಿತ್ತು. ನಾವೇ ಕಾರಿನಲ್ಲಿ ಹೋಗಿದ್ದರೆ ಆ ಕಮಾನಿನ ಕೆಳಗೆ ಸುಮ್ನೆ ದಾಟಿಹೋಗುತ್ತಿದ್ದೆವು.

ಕೆನೆಟ್ ರಿವರ್‌ನಲ್ಲಿ ಯಾವ ನೀಲಗಿರಿ ಮರದ ಕವಲಲ್ಲಿ ಕೋಲಾ ಮಲಗಿರುತ್ತದೆ ಅನ್ನುವುದೂ ಆ ಡ್ರೈವರ್‌ಗೆ ಗೊತ್ತಿತ್ತು. ಹತ್ತು ನಿಮಿಷದಲ್ಲಿ ನಾಲ್ಕು ತೋರಿಸಿದರು. ಮುಂದೆ ನಾವೇ ಹೋದಾಗ ಅರ್ಧ ಗಂಟೆ ಕತ್ತೆತ್ತಿ ಹುಡುಕಿದರೆ ಒಂದು ಸಿಕ್ಕಿತು.

ಬಸ್ಸಿನಲ್ಲಿ ಎಡಗಡೆ ಕಿಟಕಿಯ ಸೀಟು ಹಿಡಿಯಿರಿ. ಟಾರ್ಕೀಯಿಂದ ಹೊರಟರೆ ಸಮುದ್ರ ಎಡಕ್ಕೇ ಇರುತ್ತದೆ.

ಬಸ್ಸಿನ ಕೊರತೆ ಒಂದೇ, ಆದರೆ ಅದು ಚಿಕ್ಕದಲ್ಲ. ಎಲ್ಲಿಗೆ ಅಂತ ಹೊರಟಿರುತ್ತೀರೋ ಅಲ್ಲಿಗೆ ತಲುಪುವಾಗ ದಿನವೇ ಮುಗಿದಿರುತ್ತದೆ. ಕಡಲಲ್ಲಿ ನಿಂತ ಕಲ್ಲಿನ ಕಂಬಗಳಿರುವ ಟ್ವೆಲ್ವ್ ಅಪಾಸಲ್ಸ್ ತಲುಪಿದಾಗ ನಾಲ್ಕೂಕಾಲು, ಜುಲೈಯಲ್ಲಿ ಐದೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಅಲ್ಲಿ ನಮಗೆ ಕೊಟ್ಟಿದ್ದು ನಲವತ್ತು ನಿಮಿಷ. ಪಕ್ಕದಲ್ಲೇ ಬಂಡೆಗಳ ನಡುವಿನ ಸಣ್ಣ ಕೊಲ್ಲಿ ಲಾಕ್ ಆರ್ಡ್ ಗಾರ್ಜ್‌ಗೆ ಇಪ್ಪತ್ತೇ ನಿಮಿಷ, ಅದೂ ಮಬ್ಬುಗತ್ತಲಲ್ಲಿ, ಕೆಳಗಿಳಿಯಲು ಪುರುಸೊತ್ತಿಲ್ಲ. ಆಮೇಲೆ ಕೊಲಾಕ್ ಮೇಲೆ ಒಳನಾಡಿನ ದಾರಿಯಲ್ಲಿ ಕತ್ತಲಲ್ಲೇ ವಾಪಸ್. ಬಸ್ಸಿನಲ್ಲಿದ್ದವರೆಲ್ಲ ನಿದ್ದೆ.

ಎರಡನೇ ಸಲ, ಕಾರಿನಲ್ಲಿ ಒಂದೇ ದಿನ. ನಮ್ಮ ಕೈಯಲ್ಲೇ ಸ್ಟೀರಿಂಗ್ ಇದ್ದರೆ ಬೇಕಾದಲ್ಲಿ ನಿಲ್ಲಿಸಬಹುದು ಅಂತ ಅಂದುಕೊಂಡಿದ್ದೆವು. ಲಾರ್ನ್ ದಾಟುವವರೆಗೆ ನಿಲ್ಲಿಸಿದೆವು ಕೂಡ. ಆಮೇಲೆ ಗಡಿಯಾರ ನೋಡುವುದು ಶುರುವಾಯಿತು. ಲಾರ್ನ್‌ನಿಂದ ಅಪೊಲೊ ಬೇ ಬರೀ 45 ಕಿಲೋಮೀಟರ್, ಆದರೆ ಒಂದು ಗಂಟೆ ಹಿಡಿಯುತ್ತದೆ. ಒಂದು ಕಡೆ ಬೆಟ್ಟ, ಒಂದು ಕಡೆ ನೀರು, ನಡುವೆ ತಿರುವಿನ ಮೇಲೆ ತಿರುವು. ಆಗುಂಬೆ ಘಾಟಿ ಓಡಿಸಿದವರಿಗೆ ಭಯ ಏನಿಲ್ಲ, ನಮ್ಮಂತೆ ಇಲ್ಲೂ ಎಡಗಡೆಯೇ ಗಾಡಿ ಓಡಿಸುವುದು, ಆದರೆ ಓಡಿಸುವವರಿಗೆ ಸಮುದ್ರ ನೋಡಲು ಆಗುವುದೇ ಇಲ್ಲ. ನನ್ನ ಗೆಳೆಯ ಒಬ್ಬ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಓಡಿಸಿದ. ಸಂಜೆ ಎಲ್ಲರೂ ಫೋನಿನಲ್ಲಿ ಫೋಟೊ ನೋಡುತ್ತಿದ್ದಾಗ "ಇದೆಲ್ಲ ಎಲ್ಲಿತ್ತು ಮಾರಾಯ?" ಅಂತ ಕೇಳಿದ. ಅವನು ನೋಡಿದ್ದು ರಸ್ತೆಯ ಬಿಳಿ ಗೆರೆ ಮಾತ್ರ. ಮನೆಗೆ ಬಂದಾಗ ಮೀಟರ್ 500 ಕಿಲೋಮೀಟರ್ ದಾಟಿತ್ತು, ರಾತ್ರಿ ಹನ್ನೊಂದೂವರೆ. ವಾಪಸ್ ಬರುವಾಗ ಕತ್ತಲಲ್ಲಿ ಒಂದು ವಾಲಬಿ, ಅಂದರೆ ಕಾಂಗರೂ ಜಾತಿಯ ಸಣ್ಣ ಪ್ರಾಣಿ, ರಸ್ತೆಗೆ ಹಾರಿ ಬಂತು, ದೇವರ ದಯೆಯಿಂದ ಏನೂ ಆಗಲಿಲ್ಲ. ದಣಿದ ಕಣ್ಣಿನಲ್ಲಿ ಆ ದಾರಿ ಒಳ್ಳೆಯದಲ್ಲ. ಮಕ್ಕಳು, ವಯಸ್ಸಾದವರು ಕಾರಿನಲ್ಲಿದ್ದರಂತೂ ಈ ಯೋಚನೆಯನ್ನೇ ಬಿಟ್ಟುಬಿಡಿ.

ಮೂರನೇ ಸಲ ಮಾರ್ಚ್‌ನಲ್ಲಿ ಹೋದೆವು. ಮೊದಲ ರಾತ್ರಿ ಅಪೊಲೊ ಬೇ, ಎರಡನೇ ರಾತ್ರಿ ಪೋರ್ಟ್ ಕ್ಯಾಂಪ್‌ಬೆಲ್. ಅಮ್ಮನಿಗೆ ತಿರುವಿನ ದಾರಿಯಲ್ಲಿ ವಾಂತಿ ಬರುತ್ತದೆ, ನಿಂಬೆಹಣ್ಣು ಕೈಯಲ್ಲೇ ಇಟ್ಟುಕೊಂಡಿದ್ದರು. ಸಮುದ್ರ ಎಡಕ್ಕಿರುವುದರಿಂದ ನೋಟ ಚೆನ್ನಾಗಿರುವ ಕಡೆಯೆಲ್ಲ ಹಾಗೇ ಎಡಕ್ಕೆ ತೆಗೆದು ನಿಲ್ಲಿಸಬಹುದು, ಎದುರಿನ ಗಾಡಿಗಳನ್ನು ಅಡ್ಡ ದಾಟುವ ತಾಪತ್ರಯ ಇಲ್ಲ. ಅರ್ಧ ಗಂಟೆಗೊಮ್ಮೆ ನಿಂತು ಗಾಳಿ ಕುಡಿದು ಹೋದೆವು. ನಿಂಬೆಹಣ್ಣು ಮೂಸುವ ಪ್ರಮೇಯವೇ ಬರಲಿಲ್ಲ.

ದಾರಿಯಲ್ಲಿ ಎರಡು ದೀಪಸ್ತಂಭ ಇವೆ. ಏರೀಸ್ ಇನ್‌ಲೆಟ್‌ನ ಸ್ಪ್ಲಿಟ್ ಪಾಯಿಂಟ್ 1891ರದ್ದು, ಬೆಳ್ಳಗೆ, ಎತ್ತರಕ್ಕೆ, ರಸ್ತೆಗೆ ಹತ್ತಿರದಲ್ಲೇ ಇದೆ. ಕೇಪ್ ಆಟ್ವೇಯದ್ದು 1848ರದ್ದು, ಆಸ್ಟ್ರೇಲಿಯಾದ ಮುಖ್ಯ ಭೂಭಾಗದಲ್ಲಿ ಉಳಿದಿರುವವುಗಳಲ್ಲಿ ತುಂಬ ಹಳೆಯದು, ಮುಖ್ಯ ರಸ್ತೆ ಬಿಟ್ಟು ಕಾಡಿನ ನಡುವೆ ಹನ್ನೆರಡು ಕಿಲೋಮೀಟರ್ ಒಳಗೆ ಹೋಗಬೇಕು. ಸಮಯ ಕಡಿಮೆ ಇದ್ದರೆ ಮೊದಲನೆಯದು ಸಾಕು. ಆದರೆ ಆಟ್ವೇ ಬಿಡಬೇಡಿ ಅಂತಲೇ ನನ್ನ ಮಾತು. 1845ರಲ್ಲಿ ಕ್ಯಾಟರಾಕ್ವಿ ಅನ್ನುವ ಹಡಗು ಅಲ್ಲಿಂದಾಚೆ ಕಿಂಗ್ ಐಲೆಂಡ್ ಹತ್ತಿರ ಬಂಡೆಗೆ ಬಡಿದು ಸುಮಾರು 400 ಜನ ಸತ್ತರು, ಅದಾದ ಮೇಲೆಯೇ ಈ ದೀಪಸ್ತಂಭ ಬಂದದ್ದು. ಇಂಗ್ಲೆಂಡಿನಿಂದ ತಿಂಗಳುಗಟ್ಟಲೆ ನೀರಿನ ಮೇಲೆ ಬಂದ ಹಡಗುಗಳು ಈ ಮೂಲೆಗೂ ಆ ದ್ವೀಪಕ್ಕೂ ನಡುವೆ ತೂರಿಕೊಂಡೇ ಮೆಲ್ಬರ್ನ್ ಕಡೆ ಹೋಗಬೇಕಿತ್ತು. ಆ ತುದಿಯಲ್ಲಿ ನಿಂತು ದಕ್ಷಿಣಕ್ಕೆ ನೋಡಿದರೆ ಬರೀ ನೀರು. ಗಾಳಿಗೆ ಅಪ್ಪನ ಟೊಪ್ಪಿ ಹಾರಿಹೋಯಿತು. ಬೇಸಿಗೆಯಾದರೂ ಒಂದು ದಪ್ಪ ಜಾಕೆಟ್ ಇಟ್ಟುಕೊಳ್ಳಿ.

ಈಗ ಮುಖ್ಯ ಪೈಪೋಟಿಗೆ ಬರುತ್ತೇನೆ. ಟ್ವೆಲ್ವ್ ಅಪಾಸಲ್ಸ್ ಮತ್ತು ಲಾಕ್ ಆರ್ಡ್ ಗಾರ್ಜ್. ಎರಡಕ್ಕೂ ನಡುವೆ ಕಾರಿನಲ್ಲಿ ಕೆಲವೇ ನಿಮಿಷ. ಮೊದಲನೆಯದನ್ನು ನೋಡಲು ಪ್ರಪಂಚವೇ ಬರುತ್ತದೆ, ಎರಡನೆಯದಕ್ಕೆ ಉಳಿದ ಸಮಯದಲ್ಲಿ ಇಣುಕಿ ಹೋಗುತ್ತಾರೆ. ಇದು ಸರಿಯಲ್ಲ.

ಅಪಾಸಲ್ಸ್ ಅಂದರೆ ಸುಣ್ಣಕಲ್ಲಿನ ಕಂಬಗಳು. ದಡದ ಬಂಡೆಯನ್ನು ಅಲೆ ಕೊರೆದು ಗುಹೆ ಮಾಡಿತು, ಗುಹೆ ಆರಪಾರಾಗಿ ಕಮಾನಾಯಿತು, ಕಮಾನಿನ ಮೇಲ್ಭಾಗ ಕುಸಿದು ಕಂಬ ಉಳಿಯಿತು. ದೊಡ್ಡ ಕಂಬಗಳು 45 ಮೀಟರ್‌ವರೆಗೆ ಎತ್ತರ. ಹೆಸರಿಗೆ ಹನ್ನೆರಡು, ಆದರೆ ಹನ್ನೆರಡು ಯಾವತ್ತೂ ಇರಲಿಲ್ಲ. 2005ರ ಜುಲೈ 3ರಂದು ಒಂದು ಕಂಬ ಕುಸಿದೇ ಹೋಯಿತು. ಪೋರ್ಟ್ ಕ್ಯಾಂಪ್‌ಬೆಲ್ ಆಚೆ ಲಂಡನ್ ಬ್ರಿಜ್ ಅನ್ನುವ ಬಂಡೆಯ ಸೇತುವೆ ಇತ್ತು, 1990ರ ಜನವರಿ 15ರಂದು ದಡದ ಕಡೆಯ ಕಮಾನು ಬಿದ್ದು ಇಬ್ಬರು ತುದಿಯಲ್ಲೇ ಸಿಕ್ಕಿಕೊಂಡು, ಹೆಲಿಕಾಪ್ಟರ್ ಬಂದು ಅವರನ್ನು ಎತ್ತಿಕೊಂಡು ಬಂತು. ಈ ಕರಾವಳಿ ಈಗಲೂ ಕರಗುತ್ತಲೇ ಇದೆ.

ಅಪಾಸಲ್ಸ್ ನೋಡುವುದು ಮೇಲಿನ ಕಟ್ಟೆಯಿಂದ. ಮಧ್ಯಾಹ್ನ ಹೋದರೆ ಕಂಬಿಗೆ ಒರಗಿ ನಿಲ್ಲಲೂ ಜಾಗ ಸಿಗುವುದಿಲ್ಲ. ಅದಕ್ಕೇ ನಾನು ಪೋರ್ಟ್ ಕ್ಯಾಂಪ್‌ಬೆಲ್‌ನಲ್ಲಿ ಉಳಿಯಿರಿ ಅನ್ನುವುದು. ಅಲ್ಲಿಂದ ಹನ್ನೆರಡೇ ಕಿಲೋಮೀಟರ್. ನಾವು ರೂಮಿನಲ್ಲಿ ಮಧ್ಯಾಹ್ನ ಮಲಗಿ, ಕಾಫಿ ಮಾಡಿಕೊಂಡು ಕುಡಿದು, ಆರೂವರೆಗೆ ಹೋದೆವು. ಟೂರ್ ಬಸ್ಸುಗಳು ಅಷ್ಟು ಹೊತ್ತಿಗೆ ಹೊರಟಿದ್ದವು. ಪಶ್ಚಿಮದ ಕಂಬಗಳು ಮುಳುಗುವ ಸೂರ್ಯನ ಎದುರು ಕಪ್ಪಗೆ ನಿಂತಿದ್ದವು, ಹಿಂದಕ್ಕೆ ತಿರುಗಿದರೆ ಪೂರ್ವದ ಎರಡು ಕಂಬ ಜೇನುತುಪ್ಪದ ಬಣ್ಣ. ಸೂರ್ಯ ಮುಳುಗಿದ ತಕ್ಷಣ ಉಳಿದವರೂ ಕಾರಿನ ಕಡೆ ನಡೆದರು. ನಾವು ಇನ್ನೂ ಅರ್ಧ ಗಂಟೆ ನಿಂತೆವು. ಆಗ ಅಮ್ಮ "ಅಲ್ಲಿ ನೋಡೋ, ಮರಳ ಮೇಲೆ ಏನೋ ಸಾಲಾಗಿ ಹೋಗ್ತಿದೆ" ಅಂದರು. ಚಿಕ್ಕ ಪೆಂಗ್ವಿನ್‌ಗಳು. ಕಡಲಿಂದ ಮೇಲೆ ಬಂದು ಬಂಡೆಯ ಬುಡಕ್ಕೆ ಹೋಗುತ್ತಿದ್ದವು, ಅಷ್ಟು ಎತ್ತರದಿಂದ ಇರುವೆಗಳ ಹಾಗೆ ಕಾಣುತ್ತಿದ್ದವು. ಫಿಲಿಪ್ ಐಲೆಂಡ್‌ನಲ್ಲಿ ಟಿಕೆಟ್ ತಗೊಂಡು ಕೂತರೆ ಇವೇ ಪೆಂಗ್ವಿನ್ ಕಾಲ ಹತ್ತಿರವೇ ನಡೆದುಹೋಗುತ್ತವೆ. ಪೆಂಗ್ವಿನ್ ಚೆನ್ನಾಗಿ ನೋಡಬೇಕು ಅನ್ನುವವರು ಅಲ್ಲಿಗೇ ಹೋಗಬೇಕು, ಅದರಲ್ಲಿ ಅನುಮಾನ ಇಲ್ಲ. ಆದರೆ ಅಮ್ಮ ಇವತ್ತಿಗೂ ಫೋನ್ ಮಾಡಿದರೆ ಕೇಳುವುದು ಆ ಸಂಜೆ ತಾನೇ ಮೊದಲು ಕಂಡುಹಿಡಿದ ಪೆಂಗ್ವಿನ್ ಬಗ್ಗೆ.

ಮಾರನೇ ದಿನ ಬೆಳಿಗ್ಗೆ ಏಳೂವರೆಗೆ ಲಾಕ್ ಆರ್ಡ್. ಅಲ್ಲಿ ನಮ್ಮನ್ನು ಬಿಟ್ಟು ಒಂದು ಜೋಡಿ ಮಾತ್ರ ಇತ್ತು. ಎರಡು ಎತ್ತರದ ಗೋಡೆಗಳ ನಡುವೆ ಕಿರಿದಾದ ಬಾಯಿ, ಒಳಗೆ ಶಾಂತವಾದ ಸಣ್ಣ ಬೀಚು. ಮೆಟ್ಟಿಲಿಳಿದು ಮರಳಿಗೆ ಹೋಗಬಹುದು. ಅಪ್ಪನಿಗೆ ಮಂಡಿ ನೋವು, ಒಂದೊಂದೇ ಮೆಟ್ಟಿಲು ಇಳಿದರು, ಆದರೆ ಇಳಿದರು.

1878ರ ಜೂನ್ 1ರಂದು ಲಾಕ್ ಆರ್ಡ್ ಅನ್ನುವ ಹಡಗು ಇಂಗ್ಲೆಂಡಿನಿಂದ ಮೂರು ತಿಂಗಳ ಪ್ರಯಾಣ ಮಾಡಿ, ಇನ್ನೇನು ಮೆಲ್ಬರ್ನ್ ಬಂತು ಅನ್ನುವಾಗ ಇಲ್ಲಿನ ಮಟನ್ ಬರ್ಡ್ ಐಲೆಂಡ್‌ಗೆ ಬಡಿಯಿತು. ಹಡಗಿನಲ್ಲಿದ್ದ 54 ಜನರಲ್ಲಿ 52 ಜನ ಸತ್ತರು. ಉಳಿದವರು ಇಬ್ಬರು, ಹಡಗಿನಲ್ಲಿ ಕೆಲಸ ಕಲಿಯುತ್ತಿದ್ದ ಟಾಮ್ ಪಿಯರ್ಸ್ ಮತ್ತು ಪ್ರಯಾಣಿಕಳಾಗಿದ್ದ ಈವಾ ಕಾರ್ಮೈಕಲ್, ಇಬ್ಬರಿಗೂ ಹೆಚ್ಚು ಕಡಿಮೆ ಹದಿನೆಂಟು ಹತ್ತೊಂಬತ್ತು ವಯಸ್ಸು. ಟಾಮ್ ಅಲೆಯ ಜತೆ ಈ ಬೀಚಿಗೆ ಬಂದು ಬಿದ್ದ, ನೀರಿನಲ್ಲಿ ಅವಳ ಕೂಗು ಕೇಳಿ ಮತ್ತೆ ಈಜಿ ಹೋಗಿ ಎಳೆದು ತಂದ, ಗುಹೆಯಲ್ಲಿ ಮಲಗಿಸಿ, ಬಂಡೆ ಹತ್ತಿ ಜನರನ್ನು ಹುಡುಕಿಕೊಂಡು ಹೋದ. ಅವಳ ಅಪ್ಪ, ಅಮ್ಮ, ಒಡಹುಟ್ಟಿದವರು ಅದೇ ಹಡಗಿನಲ್ಲಿದ್ದರು. ಅವಳು ಮುಂದೆ ಐರ್ಲೆಂಡಿಗೆ ವಾಪಸ್ ಹೋದಳು. ಮೇಲೆ ದಂಡೆಯ ಹತ್ತಿರ ಸಣ್ಣ ಸ್ಮಶಾನ ಇದೆ. 2009ರಲ್ಲಿ ಇಲ್ಲಿನ ಐಲೆಂಡ್ ಆರ್ಚ್‌ವೇ ಕುಸಿದು ಎರಡು ಕಂಬ ಉಳಿದವು, ಅವಕ್ಕೆ ಟಾಮ್, ಈವಾ ಅಂತಲೇ ಹೆಸರು. ಅದೇ ಮರಳಿನ ಮೇಲೆ ನಿಂತು ಇದನ್ನು ಹೇಳಿದಾಗ ಅಪ್ಪ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ "ಆ ಹುಡುಗನಿಗೆ ಮತ್ತೆ ನೀರಿಗಿಳಿಯೋಕೆ ಹೇಗೆ ಧೈರ್ಯ ಬಂತೋ" ಅಂದರು.

ಅಪಾಸಲ್ಸ್ ದೂರದಿಂದ ನೋಡುವ ಜಾಗ. ಲಾಕ್ ಆರ್ಡ್ ಒಳಗೆ ಹೋಗಿ ನಿಲ್ಲುವ ಜಾಗ. ನನಗೆ ಕೇಳಿದರೆ ಲಾಕ್ ಆರ್ಡ್‌ಗೇ ನನ್ನ ಓಟು, ಕಮ್ಮಿ ಅಂದರೂ ಒಂದೂವರೆ ಗಂಟೆ ಇಟ್ಟುಕೊಳ್ಳಿ.

ಹೆಲಿಕಾಪ್ಟರ್ ಬಗ್ಗೆ ತುಂಬ ಜನ ಕೇಳುತ್ತಾರೆ. ಎರಡನೇ ಸಲ ಹೋದಾಗ ನಾನು ಹತ್ತಿದ್ದೆ, ಹದಿನಾರು ನಿಮಿಷ. ಚೆನ್ನಾಗಿತ್ತು, ಕರಾವಳಿ ಹೇಗೆ ಕಡಿದುಕೊಂಡು ಹೋಗಿದೆ ಅನ್ನುವುದು ಮೇಲಿಂದ ಸ್ಪಷ್ಟವಾಗಿ ಕಾಣುತ್ತದೆ. ಆದರೆ ನಾಲ್ಕು ಜನರ ಕುಟುಂಬಕ್ಕೆ ಆ ದುಡ್ಡಿನಲ್ಲಿ ಎರಡು ರಾತ್ರಿಯ ರೂಮೇ ಆಗುತ್ತದೆ. ಅದಕ್ಕಿಂತ ಪಕ್ಕದ ಗಿಬ್ಸನ್ ಸ್ಟೆಪ್ಸ್ ಇಳಿಯಿರಿ. 86 ಮೆಟ್ಟಿಲು, ದುಡ್ಡಿಲ್ಲ. ಕೆಳಗೆ ಮರಳಿನಲ್ಲಿ ನಿಂತು ಬಂಡೆಯನ್ನು ತಲೆ ಎತ್ತಿ ನೋಡಿದಾಗಲೇ ಅದರ ಎತ್ತರ ಗೊತ್ತಾಗುವುದು. ಕಲ್ಲು ಕುಸಿದಾಗ, ಅಲೆ ಜೋರಾಗಿದ್ದಾಗ ಮೆಟ್ಟಿಲು ಮುಚ್ಚಿರುತ್ತಾರೆ. ಬೋರ್ಡ್ ಹಾಕಿದ್ದರೆ ದಯವಿಟ್ಟು ದಾಟಬೇಡಿ.

ಊಟದ ವಿಷಯ ಒಂದು ಮಾತು. ಪೋರ್ಟ್ ಕ್ಯಾಂಪ್‌ಬೆಲ್ ತೀರಾ ಚಿಕ್ಕ ಊರು, ಪೆಂಗ್ವಿನ್ ನೋಡಿ ವಾಪಸ್ ಬರುವಷ್ಟರಲ್ಲಿ ಅಡುಗೆಮನೆಗಳು ಮುಚ್ಚಿದ್ದವು. ಅಮ್ಮ ಪುಳಿಯೋಗರೆ ಗೊಜ್ಜು ತಂದಿದ್ದರು, ರೂಮಿನಲ್ಲಿ ಸಣ್ಣ ಒಲೆ ಇತ್ತು, ಅನ್ನ ಮಾಡಿ ಕಲಸಿಕೊಂಡು ತಿಂದೆವು. ಅಡುಗೆ ಮಾಡಲು ಅನುಕೂಲ ಇರುವ ರೂಮನ್ನೇ ನೋಡಿ ಬುಕ್ ಮಾಡಿ, ಡಿಸೆಂಬರ್ ಜನವರಿಯಾದರೆ ತಿಂಗಳುಗಳ ಮೊದಲೇ. ಪೆಟ್ರೋಲ್ ಅಪೊಲೊ ಬೇಯಲ್ಲೇ ತುಂಬಿಸಿಕೊಳ್ಳಿ, ಮುಂದೆ ದಾರಿ ಸಮುದ್ರ ಬಿಟ್ಟು ಆಟ್ವೇ ಕಾಡಿನೊಳಗೆ ಹೋಗುತ್ತದೆ, ಫೋನ್ ಸಿಗ್ನಲ್ ಕೂಡ ಕಡಿಮೆ.

ವಾಪಸ್ ಬರುವಾಗ ಮತ್ತೆ ಕಡಲ ದಾರಿ ಹಿಡಿಯುವುದು ಬೇಡ. ಕೊಲಾಕ್ ಮೇಲೆ ಬಂದರೆ ಮೂರು ಗಂಟೆಯಲ್ಲಿ ಮನೆ. ನಾವು ಹಾಗೇ ಬಂದೆವು, ಪೋರ್ಟ್ ಕ್ಯಾಂಪ್‌ಬೆಲ್‌ನಿಂದ ಇನ್ನೂ ಮುಂದಿರುವ ವಾರ್ನಂಬೂಲ್ ಅನ್ನುವ ಊರು ಉಳಿದುಹೋಯಿತು. ಲಾಕ್ ಆರ್ಡ್ ಹಡಗಿನಿಂದ ಒಡೆಯದೆ ದಡಕ್ಕೆ ತೇಲಿ ಬಂದ ಪಿಂಗಾಣಿ ನವಿಲು ಅಲ್ಲಿನ ಫ್ಲ್ಯಾಗ್‌ಸ್ಟಾಫ್ ಹಿಲ್ ಮ್ಯೂಸಿಯಂನಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿನ ಲೋಗನ್ಸ್ ಬೀಚಿಗೆ ತಿಮಿಂಗಿಲಗಳು ಮರಿ ಹಾಕಲು ಬರುತ್ತವೆ. ಮುಂದಿನ ಆಗಸ್ಟ್‌ನಲ್ಲಿ ಅತ್ತೆ ಮಾವ ಬರುತ್ತಾರೆ, ಈ ಸಲ ಮೂರು ರಾತ್ರಿ ಅಂತ ಈಗಲೇ ರಜೆ ಹಾಕಿದ್ದೇನೆ.