ಪಿಕಪ್ ಬೆಡ್ಡಲ್ಲಿ ಫ್ರಿಡ್ಜ್ ಕಟ್ಟೋ ನಾಲ್ಕ್ ಸ್ಟ್ರಾಪಿನ ಕಿಟ್: ಪಟ್ಟಿ ಓಕೆ, ಹುಕ್ ವೇಸ್ಟ್

ವಿ-ಕ್ರಾಸ್, ಹೈಲಕ್ಸ್ ಥರದ ಪಿಕಪ್ ಇಟ್ಕೊಂಡಿರೋರು ಈಗೀಗ ಗಾಡಿ ಬ್ಯಾಟರಿಲಿ ಓಡೋ 12 ವೋಲ್ಟ್ ಕಂಪ್ರೆಸರ್ ಫ್ರಿಡ್ಜ್ ತಗೊಳ್ಳೋದು ಜಾಸ್ತಿ ಆಗಿದೆ. ಯಾವ ಫ್ರಿಡ್ಜ್ ಎಷ್ಟ್ ತಣ್ಣಗ್ ಮಾಡತ್ತೆ ಅಂತ ಬೇಕಾದಷ್ಟು ರಿವ್ಯೂ ಇದಾವೆ, ಅದನ್ನ ಬೆಡ್ಡಲ್ಲಿ (ಹಿಂದ್ಗಡೆ ಲೋಡ್ ಹಾಕೋ ಜಾಗ) ಕೂರ್ಸೋದ್ ಹೆಂಗೆ ಅನ್ನೋದರ ಬಗ್ಗೆ ಮಾತ್ರ ಕನ್ನಡದಲ್ಲಿ ಏನೂ ಕಣ್ಣಿಗ್ ಬಿದ್ದಿಲ್ಲ, ಅದಕ್ಕೆ ಇದು. ನಮ್ದು ವಿ-ಕ್ರಾಸ್, ಬೆಡ್ ಮೇಲೆ ಕ್ಯಾನಪಿ, ಅಂದ್ರೆ ಮುಚ್ಚಿದ ಗೂಡು, ಹಾಕ್ಸಿದೆ, 40 ಲೀಟರ್ ಫ್ರಿಡ್ಜು. ಹಾಸನದಿಂದ ಶಿರಾಡಿ ಇಳಿದು ಮಲ್ಪೆಗೆ ಹೋಗಿ ಅಂಜಲ್, ಬಂಗುಡೆ ತುಂಬ್ಕೊಂಡ್ ಬರೋದು ಇದರ ಮುಖ್ಯ ಕೆಲ್ಸ, ಮಿಕ್ಕ ಟೈಮಲ್ಲಿ ಹಾಲು, ಮೊಸರು, ದೋಸೆ ಹಿಟ್ಟು, ಮಕ್ಕಳ ಜ್ಯೂಸು.

ಕಿಟ್ ಬಗ್ಗೆ. ಆನ್‌ಲೈನಲ್ಲಿ ಎರಡ್ ಸಾವಿರದೊಳಗೆ ಬರತ್ತೆ, ಒಂದೇ ಮಾಲು ಬೇರೆ ಬೇರೆ ಹೆಸರಲ್ಲಿ ಮಾರ್ತಾರೆ, ಫೋಟೋನೂ ಅದೇ. ಒಳಗೆ 25 ಎಂಎಂ ಅಗಲದ ಪಾಲಿಯೆಸ್ಟರ್ ಪಟ್ಟಿ ನಾಲ್ಕು, ಪ್ರತಿಯೊಂದಕ್ಕೂ ಕ್ಯಾಮ್ ಬಕಲ್ (ಕೈಲಿ ಎಳೆದ ಪಟ್ಟಿನ ಹಲ್ಲಲ್ಲಿ ಕಚ್ಚಿ ಹಿಡಿಯೋದು), ಎರಡೂ ತುದೀಲಿ ಎಸ್ ಆಕಾರದ ಹುಕ್ಕು, ಜೊತೆಗೊಂದು ರಬ್ಬರ್ ಮ್ಯಾಟ್. ಬಾಕ್ಸ್ ಮೇಲೆ ಒಂದೊಂದ್ ಪಟ್ಟಿಗೂ 250 ಕೆಜಿ ಅಂತ ದಪ್ಪ ಅಕ್ಷರದಲ್ಲಿ ಹಾಕಿದಾರೆ. ನಿಜವಾಗ್ಲೂ ಆ ನಂಬರಿಂದ ಏನೂ ತಿಳಿಯಲ್ಲ. ಖಾಲಿ ಫ್ರಿಡ್ಜು 18 ಕೆಜಿ ಆಸುಪಾಸು, ಮೀನು ನೀರು ಎಲ್ಲಾ ತುಂಬಿದ್ರೆ 40 ಅಂತಿಟ್ಕೊಳಿ, ಜೋರಾಗಿ ಬ್ರೇಕ್ ಹಾಕ್ದಾಗ ತೂಕದ ಹತ್ರತ್ರ 80 ಪರ್ಸೆಂಟ್ ಮುಂದಕ್ಕೆ ತಳ್ಳತ್ತೆ ಅಂತ ಲೆಕ್ಕ ಹಿಡಿತಾರೆ, ಅಂದ್ರೆ 32 ಕೆಜಿ. ಒಂದೇ ಪಟ್ಟಿ ಸಾಕು ಅದಕ್ಕೆ.

ಆದ್ರೆ ನಮ್ ರೋಡಲ್ಲಿ ಫ್ರಿಡ್ಜ್ ಜಾರೋದ್ ಕಮ್ಮಿ, ಹಾರೋದ್ ಜಾಸ್ತಿ. ಊರಿಗೆ ಮೂರು ಹಂಪು, ಅದ್ರಲ್ಲಿ ಒಂದಕ್ಕೆ ಬಿಳಿ ಪಟ್ಟೆನೂ ಇರಲ್ಲ ಬೋರ್ಡೂ ಇರಲ್ಲ, ಪಿಕಪ್ಪಿಗೆ ಹಿಂದ್ಗಡೆ ಲೀಫ್ ಸ್ಪ್ರಿಂಗು, ಬೆಡ್ ಖಾಲಿ ಇದ್ರಂತೂ ಕೇಳೋದೇ ಬೇಡ, ಒಂದ್ಸಲ ಎತ್ತಿ ಒಗೀತು ಅಂದ್ರೆ ಫ್ರಿಡ್ಜ್ ಮೇಲಕ್ಕೆದ್ದು ಪಟ್ಟಿ ಒಂದ್ ಕ್ಷಣ ಸಡಿಲ ಆಗತ್ತೆ, ವಾಪಸ್ ಬೀಳೋವಾಗ ಜರ್ಕ್ ಹೊಡಿಯತ್ತೆ. ಆ ಸಡಿಲ ಆದ ಕ್ಷಣದಲ್ಲೇ ಈ ಕಿಟ್ಟಿನ ಎಸ್ ಹುಕ್ಕು ಕೈ ಕೊಡೋದು. ಹುಕ್ಕಿನ ಬಾಯಿಗೆ ಮುಚ್ಚಳ ಅನ್ನೋದೇ ಇಲ್ಲ, ತೆರ್ಕೊಂಡೇ ಇರತ್ತೆ, ಮೇಲಿರೋ ಕೆಂಪು ಪ್ಲಾಸ್ಟಿಕ್ ಕೋಟಿಂಗ್ ಬೇರೆ ನುಣ್ಣಗೆ. ಶಿರಾಡಿ ಇಳಿದು ಗುಂಡ್ಯದಲ್ಲಿ ಟೀಗೆ ನಿಲ್ಸಿ ಹಿಂದ್ಗಡೆ ಡೋರ್ ತೆಗೆದ್ರೆ ಎರಡು ಹುಕ್ಕು ಆಚೆ ಬಂದು ಮ್ಯಾಟ್ ಮೇಲೆ ಮಲ್ಗಿವೆ, ಫ್ರಿಡ್ಜ್ ಅರ್ಧ ಸುತ್ತು ತಿರುಗಿ ಕಂಪ್ರೆಸರ್ ಗಾಳಿ ಬಿಡೋ ಕಡೆ ಸೈಡಿಗೆ ಅಂಟ್ಕೊಂಡಿದೆ. ಬಕಲ್ಲುಗಳು ಮಾತ್ರ ಹಾಕ್ದಂಗೇ ಇದ್ವು, ಒಂಚೂರೂ ಜಾರಿರ್ಲಿಲ್ಲ.

ಹಂಗಾಗಿ ಪಟ್ಟಿಗೂ ಬಕಲ್ಲಿಗೂ ಫುಲ್ ಮಾರ್ಕ್ಸ್. ಇಂಥ ಕಡೆ ಲಿವರ್ ಆಡ್ಸಿ ಬಿಗಿಯೋ ರ‍್ಯಾಚೆಟ್ ಬೇಕು ಅಂತ ಸುಮಾರ್ ಜನ ಹೇಳ್ತಾರೆ, ನನಗೆ ಒಪ್ಪಿಗೆ ಇಲ್ಲ. ರ‍್ಯಾಚೆಟ್ ಲಾರಿ ಲೋಡಿಗೆ, ಬೈಕ್ ಕಟ್ಟೋಕೆ ಸರಿ. ಫ್ರಿಡ್ಜಿಗೆ ಎರಡು ಕ್ಲಿಕ್ ಜಾಸ್ತಿ ಎಳೆದ್ರೆ ಹಿಡಿ ಕಿತ್ತು ಬರತ್ತೆ, ಮುಚ್ಚಳದ ಮೇಲಿಂದ ಹಾಕಿದ್ರೆ ಮುಚ್ಚಳ ಬಾಗಿ ರಬ್ಬರ್ ಕೂರಲ್ಲ, ತಣ್ಣನೆ ಗಾಳಿ ಎಲ್ಲಾ ಲೀಕು. ಕ್ಯಾಮ್ ಬಕಲ್ಲಲ್ಲಿ ನಿಮ್ ಕೈ ಎಷ್ಟ್ ಎಳೆಯತ್ತೋ ಅಷ್ಟೇ. ಬಂಜಿ ಹಗ್ಗ ಮಾತ್ರ ಯಾರೂ ಹಾಕ್ಬೇಡಿ, ಅದು ಹಿಗ್ಗೋಕೇ ಮಾಡಿರೋದು.

ಮ್ಯಾಟೂ ಚೆನ್ನಾಗಿದೆ. ಬೆಡ್ ಲೈನರ್ ಪ್ಲಾಸ್ಟಿಕ್ಕು ಸೋಪ್ ತರ ಜಾರತ್ತೆ, ಅದರ ಮೇಲೆ ಈ ರಬ್ಬರ್ ಹಾಸಿದ್ಮೇಲೆ ಅಡ್ಡಕ್ಕೆ ಹೋಗೋದು ಎಷ್ಟೋ ನಿಂತೋಯ್ತು. ಮೊದಮೊದ್ಲು ಕೆಟ್ಟ ವಾಸ್ನೆ, ಬಿಸಿಲಿಗೆ ಹಾಕಿದ್ರೆ ಸರಿಹೋಗತ್ತೆ.

ಕಿಟ್ ಜೊತೆ ಬರೋ ಚೀಟಿಲಿ ಬೆಡ್ಡಿನ ನಾಲ್ಕು ಮೂಲೆ ಹುಕ್ಕಿಗೇ ಕಟ್ಟಿ ಅಂತ ಚಿತ್ರ ಇದೆ, ಅಸಲಿ ತಪ್ಪು ಇಲ್ಲಿರೋದು. ಬೆಡ್ ಸುಮಾರ್ ಐದಡಿ, ಫ್ರಿಡ್ಜ್ ಎರಡಡಿ ಚಿಲ್ಲರೆ, ಮೂಲೆಯಿಂದ ಹಿಡಿಗೆ ಎಳೆದ್ರೆ ಪಟ್ಟಿ ಹೆಚ್ಚುಕಮ್ಮಿ ಮಲ್ಗಿರತ್ತೆ. ನೆಲದಿಂದ 30 ಡಿಗ್ರಿ ಕೋನದಲ್ಲಿದ್ರೆ ಎಳೆತದಲ್ಲಿ ಅರ್ಧ ಮಾತ್ರ ಕೆಳಕ್ಕೆ ಒತ್ತೋದು, ಅದೇ 60 ಡಿಗ್ರಿ ಇದ್ರೆ 87 ಪರ್ಸೆಂಟ್ ಹತ್ರ ಬರತ್ತೆ. ಹಾರೋ ಫ್ರಿಡ್ಜಿಗೆ ಬೇಕಾಗಿರೋದು ಈ ಕೆಳಗಿನ ಒತ್ತಡ, ಅದಕ್ಕೆ ಹುಕ್ ಸಿಕ್ಕಿಸೋ ರಿಂಗು ಫ್ರಿಡ್ಜಿನ ಪಕ್ಕದಲ್ಲೇ, ಒಂದ್ ಗೇಣು ದೂರದಲ್ಲಿ ಇರ್ಬೇಕು. ಆಸ್ಟ್ರೇಲಿಯಾದಲ್ಲಿ ಎಆರ್‌ಬಿ ಥರದ ಆಫ್‌ರೋಡ್ ಸಾಮಾನು ಮಾಡೋ ಕಂಪ್ನಿಯವರು ಫ್ರಿಡ್ಜ್ ಟೈಡೌನ್ (ಕೆಳಕ್ಕೆ ಎಳೆದು ಕಟ್ಟೋ ಪಟ್ಟಿ) ಅಂತಲೇ ಬೇರೆ ಸೆಟ್ ಮಾರ್ತಾರೆ.

ನಾನು ಹಾಸನದಲ್ಲೇ ಒಂದ್ ವೆಲ್ಡಿಂಗ್ ಶಾಪಲ್ಲಿ ಮಾಡ್ಸಿದ್ದು: 12 ಎಂಎಂ ಮರೈನ್ ಪ್ಲೈ, ಅದರ ಮೇಲೆ ನಾಲ್ಕು ಡಿ-ರಿಂಗು, ಪ್ರತಿ ಬೋಲ್ಟೂ ಪ್ಲೈ ದಾಟಿ ಬೆಡ್ಡಿನ ತಗಡಿನ ತಗ್ಗು ಗೆರೆಯಲ್ಲಿ ಇಳಿದು ಕೆಳಗಡೆ ಅಂಗೈಯಗಲದ ಕಬ್ಬಿಣದ ಪ್ಲೇಟಿಗೆ ಕುಲುಕಾಟಕ್ಕೆ ಸಡಿಲ ಆಗದ ನೈಲಾಕ್ ನಟ್ಟಲ್ಲಿ ಟೈಟ್. ಬರೀ ವಾಷರ್ ಹಾಕಿದ್ರೆ ಬೆಡ್ಡಿನ ತಗಡು ತೆಳು, ಕಾಲಕ್ರಮೇಣ ಹರ‍್ಕೊಂಡ್ ಹೋಗತ್ತೆ ಅಂತ ಅವ್ರೇ ಹೇಳಿ ಪ್ಲೇಟ್ ಹಾಕಿದ್ರು. ಡ್ರಿಲ್ ಇಡೋಕ್ ಮುಂಚೆ ಕೆಳಗ್ ತೂರ‍್ಕೊಂಡು ಡೀಸೆಲ್ ಟ್ಯಾಂಕು, ಬ್ರೇಕ್ ಪೈಪು, ವೈರಿಂಗ್ ಎಲ್ಲಿದೆ ನೋಡಿ ಚಾಕಲ್ಲಿ ಗುರುತು ಹಾಕೊಂಡ್ರು, ತೂತಿನ ಅಂಚಿಗೆಲ್ಲಾ ಜಿಂಕ್ ಪ್ರೈಮರ್ ಬಳಿದ್ರು. ಕರಾವಳಿ ಕಡೆ ಓಡಾಡೋ ಗಾಡಿಗೆ ಆ ಪ್ರೈಮರ್ ಇಲ್ದೇ ತೂತು ಹೊಡಿಸ್ಬೇಡಿ. ಎಲ್ಲಾ ಮುಗಿದ್ಮೇಲೆ ಯಜಮಾನ್ರು ರಿಂಗ್ ಹಿಡಿದು ಜಗ್ಗಿ ನೋಡಿ "ಸಾರ್, ಇದ್ರಲ್ಲಿ ಹಸುನೇ ಕಟ್ಬೋದು" ಅಂದ್ರು. ಕಿಟ್ಟಿಗೆ ಕೊಟ್ಟಿದ್ದಕ್ಕಿಂತ ಸ್ವಲ್ಪ ಜಾಸ್ತಿನೇ ಆಯ್ತು, ಪರ್ವಾಗಿಲ್ಲ.

ಎಸ್ ಹುಕ್ಕೆಲ್ಲಾ ಕತ್ತರಿಸಿ ಬಿಸಾಕಿ, ಸ್ಪ್ರಿಂಗ್ ನಾಲಿಗೆ ಇರೋ ಹುಕ್ ತಂದು ಟೈಲರ್ ಹತ್ರ ಅಲ್ಲ, ಬ್ಯಾಗು ಸೀಟ್ ಕವರ್ ಹೊಲಿಯೋರ ಹತ್ರ ದಪ್ಪ ದಾರದಲ್ಲಿ ಹೊಲಿಸ್ದೆ. ಈಗ ಸಕಲೇಶಪುರದಿಂದ ಕೆಳಗೆ ಎಷ್ಟೇ ಕುಲುಕಿದ್ರೂ ಫ್ರಿಡ್ಜ್ ಮಾರ್ಕ್ ಮಾಡಿದ್ ಗೆರೆ ದಾಟಲ್ಲ. ಗಾಳಿ ಆಡೋ ಕಡೆ ನಾಲ್ಕಿಂಚು ಜಾಗ ಬಿಟ್ಟೇ ರಿಂಗ್ ಹಾಕ್ಸಿ, ಕ್ಯಾನಪಿ ಒಳಗೆ ಏಪ್ರಿಲ್ ಮಧ್ಯಾಹ್ನ ಒಲೆ ಮುಂದೆ ಕೂತಂಗಿರತ್ತೆ, ಗಾಳಿ ಇಲ್ದಿದ್ರೆ ಕಂಪ್ರೆಸರ್ ನಿಲ್ಲದೇ ಓಡ್ತಾನೇ ಇರತ್ತೆ.

ಸ್ಲೈಡ್ ಹಾಕ್ಸು ಅಂತ ನಮ್ ಭಾವ ಇವತ್ತಿಗೂ ಹೇಳ್ತಾರೆ. ಡ್ರಾಯರ್ ತರ ಎಳ್ಕೊಬೋದು, ಒಪ್ತೀನಿ, ಆದ್ರೆ ಫ್ರಿಡ್ಜ್ ಇನ್ನೂ ಎತ್ತರಕ್ಕೆ ಹೋಗತ್ತೆ, ನಮ್ಮಮ್ಮಂಗೆ ಈಗ್ಲೇ ಒಳಗಿನ ಡಬ್ಬಿ ಎಟುಕಲ್ಲ, ಮೇಲಾಗಿ ಬೇರಿಂಗಿಗೆ ಧೂಳು ಹೊಕ್ಕಿ ಕಟಕಟ ಶುರು ಆಗತ್ತೆ. ಹಿಂದಿನ ಸೀಟಲ್ಲಿಟ್ಟು ಸೀಟ್ ಬೆಲ್ಟ್ ಹಿಡಿಯೊಳಗೆ ತೂರಿಸೋರೂ ಇದಾರೆ, 40 ಕೆಜಿ ವಸ್ತು ಮಕ್ಕಳ ಪಕ್ಕದಲ್ಲಿ, ಬೇಡಪ್ಪಾ.

ಇನ್ನೊಂದು, ಫ್ರಿಡ್ಜ್ ಗಟ್ಟಿಯಾಗಿ ಕೂತ್ರೂ ಪ್ಲಗ್ ಕೂರ್ಬೇಕಲ್ಲ. ಸಿಗರೇಟ್ ಲೈಟರ್ ಪ್ಲಗ್ ಕುಲುಕಾಟಕ್ಕೆ ನಿಧಾನಕ್ಕೆ ಹೊರಗ್ ಬರತ್ತೆ, ಡ್ರೈವರ್ ಸೀಟಲ್ಲಿ ಕೂತೋರಿಗೆ ಗೊತ್ತೇ ಆಗಲ್ಲ, ಮನೆಗ್ ಬಂದು ಮುಚ್ಚಳ ತೆಗೆದಾಗ ಮೂಗಿಗೆ ಗೊತ್ತಾಗತ್ತೆ. ಬ್ಯಾಟರಿಯಿಂದ 6 ಸ್ಕ್ವೇರ್ ಎಂಎಂ ವೈರ್ ಎಳೆಸಿ, ಬ್ಯಾಟರಿ ಪಕ್ಕದಲ್ಲೇ 15 ಆಂಪ್ಸ್ ಫ್ಯೂಸ್ ಹಾಕ್ಸಿ, ಬೆಡ್ಡಲ್ಲಿ ಬಿಗಿಯಾಗಿ ಕಚ್ಚಿ ಕೂರೋ ಆಂಡರ್ಸನ್ ಪ್ಲಗ್ ಇಡಿ. ವೈರನ್ನ ಟೈಟಾಗಿ ಎಳೀದೇ ಒಂದ್ ಸುತ್ತು ಸಡಿಲ ಬಿಡಿ.

ಕಿಟ್ಟಿಗೆ ಐದಕ್ಕೆ ಎರಡೂವರೆ ಸ್ಟಾರ್ ಕೊಡ್ತೀನಿ. ಹುಕ್ ಬದ್ಲಾಯ್ಸೋಕೆ ರೆಡಿ ಇದ್ರೆ ತಗೊಳ್ಳಿ, ಇಲ್ಲಾಂದ್ರೆ ಬೆಂಗಳೂರಿನ ಜೆಸಿ ರೋಡಲ್ಲಿ ಪಟ್ಟಿ, ನಾಲಿಗೆ ಹುಕ್ಕು, ಡಿ-ರಿಂಗು ಬಿಡಿಬಿಡಿಯಾಗಿ ವಿಚಾರಿಸಿ, ಬಕಲ್ಲಿನ ಹಲ್ಲು ಮಾತ್ರ ಬೆರಳಲ್ಲಿ ಒತ್ತಿ ನೋಡಿ ತಗೊಳ್ಳಿ, ಸ್ಪ್ರಿಂಗ್ ಮೆತ್ತಗಿದ್ರೆ ಪಟ್ಟಿ ಜಾರತ್ತೆ.