ಆಪರೇಷನ್ ಚೆನ್ನಾಗಿ ಆಯಿತು, ಆದರೂ ಎರಡೇ ಸ್ಟಾರ್

ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅಮ್ಮನ ಜೊತೆ ಆರು ದಿನ ಇದ್ದೆ. ಅಂಗಳದ ಪಾಚಿಯಲ್ಲಿ ಜಾರಿ ಬಿದ್ದು ಅವರ ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಚೆನ್ನಾಗಿ ಆಗಿದೆ. ವಾರ್ಡ್ ಕ್ಲೀನ್. ಕ್ಯಾಂಟೀನಿನ ಕುಚ್ಚಲಕ್ಕಿ ಗಂಜಿ ಬಿಸಿಬಿಸಿ ಬರುತ್ತದೆ.

ಎರಡನೇ ದಿನ ಬೆಳಿಗ್ಗೆ ರೌಂಡ್ಸ್. ಫೈಲಿನಲ್ಲಿ ರಕ್ತದ ರಿಪೋರ್ಟ್ ಇರಲಿಲ್ಲ. ಅದು ಲ್ಯಾಬಿನಿಂದಲೇ ಬಂದಿರಲಿಲ್ಲ. ದೊಡ್ಡ ಡಾಕ್ಟರ್ ಫೈಲನ್ನು ಅಮ್ಮನ ಕಾಲಿನ ಹತ್ತಿರ ಬಿಸಾಡಿದರು. "ನಿನಗೆ ಕೆಲಸ ಕೊಟ್ಟವರು ಯಾರು?" ಅಂತ ಕಿರುಚಿದರು. ಸಿಸ್ಟರಿಗೆ ಹೆಚ್ಚೆಂದರೆ ಇಪ್ಪತ್ತೆರಡು ವರ್ಷ. "ಸಾರಿ ಸರ್" ಅಂದರು. ಹಾಳೆ ಜೋಡಿಸುವಾಗ ಅವರ ಕೈ ನಡುಗುತ್ತಿತ್ತು. ಅಮ್ಮ ಗೋಡೆ ಕಡೆ ತಿರುಗಿದರು. ಡಾಕ್ಟರಿಗೂ ಕೆಲಸ ಜಾಸ್ತಿ, ಒಪ್ಪುತ್ತೇನೆ. ಆದರೆ ಲ್ಯಾಬ್ ತಡ ಮಾಡಿದ್ದಕ್ಕೆ ಈ ಹುಡುಗಿ ಯಾಕೆ ಬೈಸಿಕೊಳ್ಳಬೇಕು?

ಮರುದಿನ ಆ ಸಿಸ್ಟರಿಗೇ ನೈಟ್ ಡ್ಯೂಟಿ. ರಾತ್ರಿ ಎರಡು ಗಂಟೆಗೆ ಅಮ್ಮನ ಬಿಪಿ 90ಕ್ಕೆ ಇಳಿಯಿತು. ಸಿಸ್ಟರ್ ಫೋನ್ ಎತ್ತಿದರು, ಇಟ್ಟರು. ಮತ್ತೆ ಎತ್ತಿದರು. "ಡಾಕ್ಟರನ್ನು ಕರೀರಿ ಸಿಸ್ಟರ್" ಅಂದೆ. "ಇನ್ನೊಂದ್ಸಲ ಬಿಪಿ ನೋಡ್ತೇನೆ. ಸುಮ್ನೆ ಎಬ್ಬಿಸಿದ್ರೆ ಬೈತಾರೆ" ಅಂದರು. ಹೀಗೇ ಕಾಲು ಗಂಟೆ ಹೋಯಿತು. ಕೊನೆಗೆ ಪಕ್ಕದ ವಾರ್ಡಿನ ಹಿರಿಯ ಸಿಸ್ಟರ್ ಬಂದು ತಾವೇ ಫೋನ್ ಮಾಡಿದರು. ಡ್ಯೂಟಿ ಡಾಕ್ಟರ್ ಬಂದರು, ಡ್ರಿಪ್ ಜೋರು ಮಾಡಿದರು, ರಕ್ತ ತರಿಸಿದರು. ಬೆಳಗಾಗುವಷ್ಟರಲ್ಲಿ ಅಮ್ಮ ಚಾ ಕೇಳಿದರು. ಆ ಕಾಲು ಗಂಟೆ ನೆನಪಾದರೆ ನನಗೆ ಈಗಲೂ ಹೊಟ್ಟೆ ತೊಳಸುತ್ತದೆ.

ನನ್ನ ತಂಗಿ ದುಬೈಯಲ್ಲಿ ನರ್ಸ್. ಅವಳಿಗೆ ಇದು ಹೊಸ ವಿಷಯವೇ ಅಲ್ಲ. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಅಮೆರಿಕದ ಜಾಯಿಂಟ್ ಕಮಿಷನ್ 2008ರಲ್ಲೇ ಎಚ್ಚರಿಸಿತ್ತಂತೆ: ಸಿಬ್ಬಂದಿಯನ್ನು ಹೆದರಿಸಿದರೆ ಚಿಕಿತ್ಸೆಯಲ್ಲಿ ತಪ್ಪಾಗುತ್ತದೆ. ಕೂಗಾಡುವುದು ಮಾತ್ರ ಅಲ್ಲ. ಕೇಳಿದ್ದಕ್ಕೆ ಉತ್ತರ ಕೊಡದಿರುವುದು, ಫೋನ್ ಬಂದರೆ ವಾಪಸ್ ಮಾಡದಿರುವುದೂ ಅದೇ ಲೆಕ್ಕ. 2009ರಿಂದ ತನ್ನ ಮಾನ್ಯತೆ ಇರುವ ಆಸ್ಪತ್ರೆಗಳಲ್ಲಿ ನಡವಳಿಕೆಯ ನಿಯಮ ಇರಲೇಬೇಕು ಅಂತಲೂ ಹೇಳಿತು. ಇಲ್ಲಿ ನಾವು ಲಕ್ಷಗಟ್ಟಲೆ ಕಟ್ಟುತ್ತೇವೆ. ರಾತ್ರಿ ಹೆದರದೆ ಡಾಕ್ಟರನ್ನು ಎಬ್ಬಿಸುವ ಧೈರ್ಯ ಸಿಸ್ಟರಿಗೆ ಇರಬೇಕು ಅಂತ ಕೇಳುವುದು ಜಾಸ್ತಿಯಾ?

ಡಿಸ್ಚಾರ್ಜ್ ದಿನ ಫೀಡ್‌ಬ್ಯಾಕ್ ಫಾರ್ಮಿನಲ್ಲಿ ಇಷ್ಟನ್ನೂ ಬರೆದೆ. ಸಿಸ್ಟರ್ ಹೆಸರು ಹಾಕಲಿಲ್ಲ. ಕೌಂಟರಿನಲ್ಲಿದ್ದ ಹಿರಿಯ ಸಿಸ್ಟರಿಗೆ ಕೊಟ್ಟೆ. ಅವರು ಪೂರ್ತಿ ಓದಿದರು. ಮಡಚಿ ನನ್ನ ಕೈಗೇ ವಾಪಸ್ ಇಟ್ಟರು.

"ದಯವಿಟ್ಟು ನೀವೇ ಬಾಕ್ಸಿಗೆ ಹಾಕಿ ಸರ್. ನಾವು ಕೊಟ್ಟ ಹಾಗೆ ಆಗೋದು ಬೇಡ" ಅಂದರು.